ಲೈವ್ ರಾಕ್‌ನೊಳಗೆ ಕೂತು ಬಂದ ಮೀನು: ಕಲ್ಲನ್ನು ಸಿಹಿನೀರಿನಲ್ಲಿ ಅದ್ದುವ ಮೊದಲು ಇದನ್ನು ಓದಿ

ದಯವಿಟ್ಟು ಕಲ್ಲನ್ನು ಹೊರಗೆ ತೆಗೆಯಬೇಡಿ. ನೀವು ಕೊಳ್ಳದ ಕಂದು ಮೀನೊಂದು ಉಪ್ಪುನೀರಿನ ಟ್ಯಾಂಕಿಗೆ ತಂದ ಲೈವ್ ರಾಕ್‌ನ (ಸಮುದ್ರದ ಜೀವಿಗಳು ಒಳಗೇ ವಾಸಿಸುವ ಕಲ್ಲು) ಬಿಲದಿಂದ ಇಣುಕುತ್ತಿದೆ, ಅದೇ ಹೊತ್ತಿಗೆ ಸಿಗಡಿ ಕಾಣೆಯಾಗಿದೆ, ಇದು ಯಾವ ಮೀನು, ಕಲ್ಲನ್ನು ಸಿಹಿನೀರಿನಲ್ಲಿ ಅದ್ದಿ ಹೊರಗೋಡಿಸಲೇ ಎಂದು ಕೇಳಿದ್ದೀರಿ. ಕೊನೆಯ ವಾಕ್ಯ ಓದಿ ಎದೆ ಧಸಕ್ಕೆಂದಿತು. ನಾನು ಅದನ್ನೇ ಮಾಡಿದವನು.

ನನ್ನ ಕಲ್ಲು ಬಂದದ್ದು ಒದ್ದೆ ಕಾಗದ ಸುತ್ತಿಕೊಂಡು. ನೀರಿಲ್ಲದ ಪೆಟ್ಟಿಗೆಯಲ್ಲಿ ಏಡಿ, ಹುಳು, ಹೆಚ್ಚೆಂದರೆ ಮ್ಯಾಂಟಿಸ್ ಸಿಗಡಿ ಬದುಕಿ ಬರಬಹುದು, ಮೀನು ಮಾತ್ರ ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ. ದಡದ ಬಂಡೆಗಳ ಸಂದಿಯಲ್ಲಿ ವಾಸಿಸುವ ಬ್ಲೆನ್ನಿ, ಗೋಬಿ ಎಂಬ ಕೆಲವು ಪುಟ್ಟ ಮೀನುಗಳಿಗೆ ಇಳಿತದ ಹೊತ್ತಿನಲ್ಲಿ ತೇವದ ಬಿಲದೊಳಗೆ ಕಾದು ಕೂರುವುದು ನಿತ್ಯದ ಕೆಲಸ ಎಂಬುದು ಆಗ ತಿಳಿದಿರಲಿಲ್ಲ. (ಕಲ್ಲಿಗೆ ಅಂಟಿದ್ದ ಮೊಟ್ಟೆ ಒಡೆದು ಮರಿಯಾಗಿರಬಹುದು ಎಂಬ ನಿಮ್ಮ ಊಹೆಯನ್ನು ಬಿಟ್ಟುಬಿಡಿ. ಇಂಥ ಮೀನುಗಳ ಮರಿಗಳು ಮೊದಲ ದಿನಗಳನ್ನು ನೀರಿನಲ್ಲಿ ತೇಲುತ್ತಲೇ ಕಳೆಯುತ್ತವೆ. ಪಂಪಿಗೂ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ಗೂ ಸಿಗದೆ, ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರ ಕಂಡುಕೊಂಡು ಅವು ಮನೆಯ ಟ್ಯಾಂಕಿನಲ್ಲಿ ದೊಡ್ಡವಾಗುವುದು ಬಲು ಅಪರೂಪ.)

ದೀಪ ಆರಿದ ಮೇಲೆ ಕಂಡದ್ದು ಎರಡು ಕಣ್ಣು, ಒಂದು ಅತ್ತ ಒಂದು ಇತ್ತ ತಿರುಗುತ್ತಿದ್ದವು. ಕಂದು ಮೈಯ ಮೇಲೆ ಮಚ್ಚೆ, ತಲೆಯ ಮೇಲೆ ಕೂದಲೆಳೆಯಂಥ ಕುಚ್ಚು. ನನ್ನ ಮಸುಕು ಫೋಟೊ ನೋಡಿದ ಅನುಭವಿಯೊಬ್ಬರು ಸ್ಕಾರ್ಪಿಯನ್ ಮೀನು ಎಂದು ತೀರ್ಪು ಕೊಟ್ಟರು: ಮುಳ್ಳಿನಲ್ಲಿ ವಿಷ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ತೀರಾ ಅಡ್ಡಾದಿಡ್ಡಿ ಊಹೆಯೇನಲ್ಲ, ಸ್ಕಾರ್ಪಿಯನ್ ಮೀನಿನ ತಲೆಯ ಮೇಲೂ ಚರ್ಮದ ಜೂಲು ಇರುತ್ತದೆ. ಮರುದಿನ ಬೆಳಿಗ್ಗೆ ಮರಳಿನ ಮೇಲೆ ಕ್ಲೀನರ್ ಸಿಗಡಿಯ ಬಿಳುಚಿದ ದೇಹ ಬಿದ್ದಿತ್ತು. ಇನ್ನೇನು ಸಾಕ್ಷಿ ಬೇಕು?

ಅದು ಕಳಚಿದ ಪೊರೆ. ಮೀಸೆಯಿಂದ ಬಾಲದವರೆಗೆ ಆಕಾರ ಇಡಿಯಾಗಿದ್ದು, ಒಳಗೆ ಟೊಳ್ಳಾಗಿ, ತಲೆಯ ಕವಚ ಮುಗಿಯುವಲ್ಲಿ ಬೆನ್ನಿನ ಮೇಲೆ ಸೀಳಿದ್ದರೆ ಅದು ಪೊರೆಯೇ. ಬೇಟೆಯಾದ ಸಿಗಡಿ ಹೀಗೆ ಅಚ್ಚುಕಟ್ಟಾಗಿ ಉಳಿಯುವುದಿಲ್ಲ. ಪೊರೆ ಬಿಟ್ಟ ಸಿಗಡಿಯ ಹೊಸ ಚಿಪ್ಪು ಮೆತ್ತಗಿರುತ್ತದೆ, ಗಟ್ಟಿಯಾಗುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮದೂ ಕಲ್ಲಿನ ಹಿಂದೆ ಕೂತಿರಬಹುದು, ಟಾರ್ಚ್ ಹಿಡಿದು ಹುಡುಕಿ.

ನಾನು ಹುಡುಕಲಿಲ್ಲ. ಕೋಪದಲ್ಲಿ ಇಡೀ ಕಲ್ಲನ್ನು ಎತ್ತಿ ಸಿಹಿನೀರಿನ ಬಕೆಟ್‌ನಲ್ಲಿ ಮುಳುಗಿಸಿದೆ. ನನ್ನ ಲೆಕ್ಕಾಚಾರ ಹೀಗಿತ್ತು: ಪರೋಪಜೀವಿಗಳನ್ನು ಉದುರಿಸಲು ಮೀನನ್ನೇ ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದುವುದುಂಟು, ಮೀನೇ ತಡೆದುಕೊಳ್ಳುವುದನ್ನು ಕಲ್ಲು ತಡೆಯದೇ? ಇಲ್ಲಿಯೇ ಎಲ್ಲ ಕೆಟ್ಟದ್ದು. ಮೀನು ತನ್ನ ಮೈಯೊಳಗಿನ ಉಪ್ಪನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಲೈವ್ ರಾಕ್‌ನ ಸ್ಪಂಜು, ಕೊಳವೆ ಹುಳು, ನಕ್ಷತ್ರಮೀನಿನಂಥ ಪುಟಾಣಿ ಬ್ರಿಟಲ್ ಸ್ಟಾರ್‌ಗಳಿಗೆ ಆ ಶಕ್ತಿಯಿಲ್ಲ. ಸಿಹಿನೀರು ತಾಗಿದೊಡನೆ ನೀರು ಅವುಗಳ ಜೀವಕೋಶದೊಳಕ್ಕೆ ನುಗ್ಗುತ್ತದೆ, ಕೋಶಗಳು ಉಬ್ಬಿ ಒಡೆಯುತ್ತವೆ. ಮೀನು ಬೇಗನೆ ಹೊರಗೆ ಬಂತು, ಗೆದ್ದೆ ಎಂದುಕೊಂಡೆ, ಕಲ್ಲಿನ ಮೇಲ್ಮೈಯನ್ನು ಉಪ್ಪುನೀರಿನಲ್ಲಿ ತೊಳೆದು ಟ್ಯಾಂಕಿಗೆ ಮರಳಿಸಿದೆ. ಆದರೆ ಆ ಕಲ್ಲು ಮೇಲಿನಿಂದ ಕೆಳಗಿನವರೆಗೆ ರಂಧ್ರಮಯ. ಸತ್ತದ್ದೆಲ್ಲ ಒಳಗಿತ್ತು. ಮೇಲೆ ತೊಳೆದರೆ ಒಳಗಿನ ಹೆಣ ಹೋಗುವುದೇ?

ಮಾರನೆಯ ದಿನ ನೀರು ಹಾಲಿನಂತೆ ಕದಡಿತ್ತು, ಕೊಳೆತ ವಾಸನೆ ಬೇರೆ. ಅಮೋನಿಯ ಏರಿತ್ತು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು, ಅಮೋನಿಯದ ನಿಜವಾದ ವಿಷರೂಪದ ಪಾಲು ಪಿಎಚ್ 7ರ ನೀರಿನಲ್ಲಿರುವುದಕ್ಕಿಂತ ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಸಿಹಿನೀರಿನ ಮೀನು ಸಾಕಿದ್ದವನಾದ ನನಗೆ ಪರೀಕ್ಷೆಯ ಬಣ್ಣ ನೋಡಿ ಅಷ್ಟೇನೂ ಗಾಬರಿಯಾಗಲಿಲ್ಲ. ಮೇಲಾಗಿ ಆ ಅಮೋನಿಯವನ್ನು ಅರಗಿಸಬೇಕಿದ್ದ ಬ್ಯಾಕ್ಟೀರಿಯಗಳ ಮನೆಯೂ ಅದೇ ಕಲ್ಲು. ಮೊದಲು ಫೈರ್‌ಫಿಶ್ ಹೋಯಿತು. ಆಮೇಲೆ, ಯಾರೂ ತಿಂದಿರದ, ಕಲ್ಲಿನ ಹಿಂದೆ ಸುಮ್ಮನೆ ಕೂತಿದ್ದ ಆ ಸಿಗಡಿ. ನೀರು ಬದಲಿಸಿ ಬದಲಿಸಿ ಕ್ಲೌನ್ ಮೀನಿನ ಜೋಡಿಯನ್ನು ಉಳಿಸಿಕೊಂಡೆ.

ಬಕೆಟ್‌ನಲ್ಲಿ ಸಿಕ್ಕ ಖಳನಾಯಕ? ಪಾಚಿ ಕೆರೆದು ತಿನ್ನುವ ಬ್ಲೆನ್ನಿ. ನಡುನೆತ್ತಿಯ ಮೇಲೆ ಸಾಲಾಗಿ ನಿಂತ ಆ ಕೂದಲೆಳೆಗಳು ಸ್ಕಾರ್ಟೆಲ್ಲಾ ಕ್ರಿಸ್ಟಾಟಾ ಎಂಬ ಬ್ಲೆನ್ನಿ ಪ್ರಭೇದದ ಗುರುತು. ಟ್ಯಾಂಕಿನಲ್ಲಿ ಕಳೆಯಂತೆ ಹರಡುವ ಐಪ್ಟೇಸಿಯಾ ಎಂಬ ಕುಟುಕುವ ಜೀವಿಯನ್ನು ತಿನ್ನುತ್ತದೆಂದು ಜನ ಅದನ್ನು ದುಡ್ಡು ಕೊಟ್ಟು ತರುತ್ತಾರೆ. ನನಗೆ ಪುಕ್ಕಟೆಯಾಗಿ ಬಂದಿತ್ತು.

ಹಾಗಾಗಿ ಫೋಟೊ ಹಾಕಿ ಹೆಸರು ಕೇಳುವ ಪದ್ಧತಿಯ ಬಗ್ಗೆಯೇ ನನಗೆ ತಕರಾರಿದೆ. ಗೋಬಿಗಳಲ್ಲೇ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ; ಅರ್ಧ ತಲೆ ನೋಡಿ ಹೆಸರು ಹೇಳುವವರನ್ನು ನಂಬಬೇಡಿ. ಬಣ್ಣವನ್ನಂತೂ ನಂಬಲೇಬೇಡಿ. ಎಂಪರರ್ ಏಂಜೆಲ್ ಮೀನಿನ ಮರಿಯ ಮೇಲೆ ಬಿಳಿ ಸುರುಳಿ, ದೊಡ್ಡದರ ಮೇಲೆ ಹಳದಿ ಪಟ್ಟೆ. ಹಿಂದೆ ವಿಜ್ಞಾನಿಗಳೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರು.

ಕೆಂಪು ಬೆಳಕಿನ ಟಾರ್ಚ್ ಹಿಡಿದು ರೆಕ್ಕೆ ನೋಡಿ. ಕೆಂಪು ಬೆಳಕಿಗೆ ಈ ಮೀನುಗಳು ಅಷ್ಟಾಗಿ ಬೆದರುವುದಿಲ್ಲ. ಬೆನ್ನಿನ ರೆಕ್ಕೆ ಬಿಡಿಬಿಡಿಯಾಗಿ ಎರಡಿದ್ದು ಮೀನು ತಳದಲ್ಲಿ ಕೂರುವಂಥದ್ದಾದರೆ ಬಹುಮಟ್ಟಿಗೆ ಗೋಬಿ. ಹೆಚ್ಚಿನ ಗೋಬಿಗಳ ಹೊಟ್ಟೆಯಡಿಯ ರೆಕ್ಕೆಗಳು ಕೂಡಿಕೊಂಡು ಬಟ್ಟಲಾಗಿರುತ್ತವೆ. ತಲೆಯ ಹಿಂದಿನಿಂದ ಬಾಲದ ಬಳಿಯವರೆಗೆ ಒಂದೇ ಉದ್ದ ರೆಕ್ಕೆ, ಮೊಂಡು ಮುಖ ಇದ್ದರೆ ಬ್ಲೆನ್ನಿ. ಒಂದೇ ಉದ್ದ ರೆಕ್ಕೆಯಿದ್ದೂ ತಳದಲ್ಲಿ ಕೂರದೆ ಬಿಲದ ಬಾಯಲ್ಲಿ ತೇಲಿ ನಿಲ್ಲುತ್ತದಾದರೆ ಡಾಟಿಬ್ಯಾಕ್ ಇರಬಹುದು, ಅದು ಚಿಕ್ಕದಾದರೂ ಜಗಳಗಂಟ. ಗೊದಮೊಟ್ಟೆಯ ಆಕಾರ, ಚಪ್ಪಟೆ ಅಗಲ ತಲೆ, ಬಾಲದ ಹತ್ತಿರ ಮಾತ್ರ ಒಂದು ಪುಟ್ಟ ರೆಕ್ಕೆ ಇದ್ದರೆ ಕ್ಲಿಂಗ್‌ಫಿಶ್. ಹಾವಿನಂತಿದ್ದು ಕಿವಿರಿನ ಹಿಂದೆ ರೆಕ್ಕೆಯೇ ಇಲ್ಲದಿದ್ದರೆ ಮೊರೆ ಎಂಬ ಹಾವುಮೀನು. ತಲೆಯಲ್ಲಿ ಮೂಳೆಯ ಏಣು, ಮುಳ್ಳುಗಳು, ಮೈಗೆ ಮೀರಿದ ಬಾಯಿ ಇದ್ದರೆ ಮಾತ್ರ ಸ್ಕಾರ್ಪಿಯನ್ ಮೀನು. ಅದಲ್ಲ ಎಂದು ಖಾತ್ರಿಯಾಗುವವರೆಗೂ ಬರಿಗೈಯನ್ನು ಬಿಲದೊಳಗೆ ಹಾಕಬೇಡಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕೈ ಮುಳುಗಿಸಿಟ್ಟು ವೈದ್ಯರ ಬಳಿಗೆ ಹೋಗಿ.

ಒಳ್ಳೆಯ ಮೀನೋ ಕೆಟ್ಟ ಮೀನೋ ಎಂದೂ ಕೇಳಿದ್ದೀರಿ. ಅದರ ಬಾಯಿ ಎಷ್ಟು ದೊಡ್ಡದು, ನಿಮ್ಮಲ್ಲಿ ಆ ಬಾಯಿಗೆ ಹಿಡಿಸುವವರು ಯಾರಿದ್ದಾರೆ, ನೋಡಬೇಕಾದದ್ದು ಅಷ್ಟೇ. ತೆಗೆಯಲೇಬೇಕೆಂದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಮಗುಚಿ ಅದರೊಳಗೇ ಸಿಕ್ಕಿಸಿ, ಆಹಾರವಿಟ್ಟು ಬಿಲದ ಮುಂದೆ ಇಡಿ. ತಾಳ್ಮೆ ಬೇಕು, ಆದರೆ ಯಾರೂ ಸಾಯುವುದಿಲ್ಲ.

ನಿಮ್ಮ ಎರಡನೇ ಫೋಟೊದಲ್ಲಿ ಬೆನ್ನಿನ ರೆಕ್ಕೆಯ ನಡುವೆ ಬಿರುಕಿದ್ದಂತೆ ಕಾಣುತ್ತದೆ, ನನ್ನ ಪಣ ಗೋಬಿಯ ಮೇಲೆ. ಅದು ಗಾಜಿಗೆ ಅಂಟಿ ಕೂತಾಗ ಹೊರಗಿನಿಂದ ಹೊಟ್ಟೆಯ ಫೋಟೊ ತೆಗೆದು ಹಾಕಿ, ಬಟ್ಟಲು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ.