‘ಕೊಡಿ, ನಾನೇ ಮಾಡ್ತೀನಿ’

ಪ್ರಶ್ನೆ: ನನಗೆ 36 ವರ್ಷ. ಏಳು ಜನರ ತಂಡ ನೋಡಿಕೊಳ್ಳುತ್ತೇನೆ, ಜೊತೆಗೆ ಎಂಬಿಎ ಓದುತ್ತಿದ್ದೇನೆ. ತಂಡದವರು ಕೊಡುವ ರಿಪೋರ್ಟ್ ಸರಿಯಿರುವುದಿಲ್ಲ, ಕೂತು ತಿದ್ದುವಷ್ಟರಲ್ಲಿ ರಾತ್ರಿ ಎಂಟೂವರೆ. ಗಂಡ ಒಳ್ಳೆಯವರು. ಹೇಳಿದರೆ ಎಲ್ಲ ಮಾಡುತ್ತಾರೆ, ಹೇಳಬೇಕಷ್ಟೆ. ಮೊನ್ನೆ ಒಂಬತ್ತು ವರ್ಷದ ಮಗಳು ಏನೋ ಹೇಳುತ್ತಿದ್ದಳು, ನಾನು ‘ಹೂಂ, ಹೂಂ’ ಅನ್ನುತ್ತಿದ್ದೆ. ‘ಅಮ್ಮ, ನಾನು ಮಾತು ನಿಲ್ಲಿಸಿ ಎಷ್ಟೋ ಹೊತ್ತಾಯ್ತು’ ಅಂದಳು. ಅದೇ ವಾರ ಕೋರ್ಸಿನಲ್ಲಿ ‘ನಿಮ್ಮ ನಾಯಕತ್ವದ ಅಭ್ಯಾಸಗಳ ಬಗ್ಗೆ ಬರೆಯಿರಿ’ ಅಂತ ಅಸೈನ್‌ಮೆಂಟ್ ಕೊಟ್ಟರು. ನಾಲ್ಕು ರಾತ್ರಿ ಕೂತರೂ ಒಂದು ಸಾಲು ಬರಲಿಲ್ಲ. ಓದು ಬಿಟ್ಟುಬಿಡಲಾ?

ಉತ್ತರ: ಈಗಲೇ ಬಿಡಬೇಡಿ. ಇಷ್ಟು ಸುಸ್ತಾಗಿರುವಾಗ ಅಂಥ ದೊಡ್ಡ ತೀರ್ಮಾನ ಬೇಡ. ಮಗಳ ಮಾತು ನಿಮ್ಮನ್ನು ಎಷ್ಟು ಚುಚ್ಚಿದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಬೇರೆ ಸಾಲು: ‘ಹೇಳಿದರೆ ಎಲ್ಲ ಮಾಡುತ್ತಾರೆ, ಹೇಳಬೇಕಷ್ಟೆ.’ ಆ ‘ಹೇಳಬೇಕಷ್ಟೆ’ ಇದೆಯಲ್ಲ, ನಿಮ್ಮನ್ನು ಹಿಂಡುತ್ತಿರುವುದು ಅದೇ. ಏನು ಆಗಬೇಕು, ಯಾವಾಗ ಆಗಬೇಕು, ಆಯಿತೋ ಇಲ್ಲವೋ, ಇದೆಲ್ಲ ನಿಮ್ಮ ತಲೆಯಲ್ಲೇ ಇದೆ. ಆಫೀಸಿನಲ್ಲೂ ಅಷ್ಟೇ ಅಲ್ವಾ? ರಿಪೋರ್ಟ್ ಬರೆಯುವುದು ಅವರ ಕೆಲಸ, ಅದು ಸರಿ ಬರಬೇಕು ಅನ್ನುವ ಚಿಂತೆ ಮಾತ್ರ ನಿಮ್ಮದು.

ನಾನೂ ಹೀಗೇ ವರ್ಷಗಟ್ಟಲೆ ತಿದ್ದಿದವಳು. ಒಂದು ಸಂಜೆ ತಂಡದ ಹುಡುಗಿಯೊಬ್ಬಳನ್ನು ಕರೆದು, ‘ಇದನ್ನು ನೀನು ಒಂದು ಸಲವಾದರೂ ಓದಿ ನೋಡಿದ್ಯಾ?’ ಅಂತ ಕೇಳಿದೆ. ಅವಳು ಸ್ವಲ್ಪವೂ ಅಳುಕದೆ, ‘ಇಲ್ಲ ಮೇಡಂ, ಹೇಗಿದ್ದರೂ ನೀವು ತಿದ್ದುತ್ತೀರಲ್ಲ’ ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಹಾಗೆ ಕಲಿಸಿದ್ದು ನಾನೇ.

ನಾಳೆ ಅಂಥ ರಿಪೋರ್ಟ್ ಬಂದರೆ ಪೆನ್ನು ಮುಟ್ಟಬೇಡಿ. ಎಲ್ಲಿ ಸರಿಯಿಲ್ಲ ಅಂತ ತೋರಿಸಿ ವಾಪಸ್ ಕೊಡಿ. ಮೊದಮೊದಲು ಇದಕ್ಕೇ ಹೊತ್ತು ಜಾಸ್ತಿ ಹಿಡಿಯುತ್ತದೆ, ‘ಇದಕ್ಕಿಂತ ನಾನೇ ಮಾಡಬಹುದಿತ್ತು’ ಅನ್ನಿಸುತ್ತದೆ. ತಡೆದುಕೊಳ್ಳಿ. ಮನೆಯಲ್ಲಿ ಒಂದು ಇಡೀ ಜವಾಬ್ದಾರಿಯನ್ನು ಗಂಡನಿಗೆ ಬಿಟ್ಟುಕೊಡಿ. ಮಗಳ ಸ್ಕೂಲಿನ ವಿಷಯ ಅಂತಲೇ ಇಟ್ಟುಕೊಳ್ಳಿ. ಹೋಂವರ್ಕ್, ಫೀಸು, ಟೀಚರ್ ಜೊತೆ ಮಾತು, ಎಲ್ಲ ಅವರದೇ. ನೀವು ನೆನಪಿಸುವಂತಿಲ್ಲ. ಒಂದೆರಡು ಸಲ ಏನೋ ಮರೆತುಹೋಗುತ್ತದೆ. ಆಗ ‘ಬಿಡಿ, ನಾನೇ ನೋಡ್ಕೋತೀನಿ’ ಅಂದಿರೋ, ಅಲ್ಲಿಗೆ ಮುಗಿಯಿತು.

ಇನ್ನು ‘ಹೂಂ, ಹೂಂ’ ವಿಷಯ. ನಿಮಗೆ ಮಗಳ ಮೇಲೆ ಪ್ರೀತಿ ಕಡಿಮೆಯಾಗಿದೆ ಅಂತಲ್ಲ. ಅರ್ಧಕ್ಕೆ ಬಿಟ್ಟುಬಂದ ಕೆಲಸ ತಲೆಯಲ್ಲಿ ಹಾಗೇ ಕೂತಿರುತ್ತದೆ, ಮುಂದಿನದಕ್ಕೆ ಪೂರ್ತಿ ಮನಸ್ಸು ಬರುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಕೆಲಸ ಎಲ್ಲಿಗೆ ನಿಂತಿದೆ, ವಾಪಸ್ ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ಎರಡು ಸಾಲು ಬರೆದಿಟ್ಟು ಎದ್ದರೆ ಮನಸ್ಸು ಬೇಗ ಬಿಡುಗಡೆಯಾಗುತ್ತದೆ ಅನ್ನುವುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಆಫೀಸಿನಿಂದ ಏಳುವ ಮೊದಲು ಆ ಎರಡು ಸಾಲು ಬರೆದೇ ಹೊರಡಿ. ಓದಿನ ಪುಸ್ತಕ ಮುಚ್ಚುವಾಗಲೂ ಅಷ್ಟೇ.

ಅಸೈನ್‌ಮೆಂಟ್ ಬರೆಯಲು ಆಗದೇ ಇದ್ದದ್ದು ಯಾಕೆ ಗೊತ್ತಾ? ‘ನಾನು ಎಂಥ ನಾಯಕಿ’ ಅಂತ ಕೇಳಿಕೊಂಡರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಿ. ಇವತ್ತು ‘ಕೊಡಿ, ನಾನೇ ಮಾಡ್ತೀನಿ’ ಅಂತ ಯಾರ ಕೈಯಿಂದ ಏನನ್ನು ಕಿತ್ತುಕೊಂಡೆ? ಆ ಹೊತ್ತಿಗೆ ನನಗೆ ಯಾವ ಭಯ ಇತ್ತು? ರಾತ್ರಿ ಹತ್ತೇ ನಿಮಿಷ, ಒಂದೇ ಘಟನೆ. ಎರಡು ವಾರ ಬರೆದರೆ ಅಸೈನ್‌ಮೆಂಟಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ನಿಮ್ಮ ಕೈಯಲ್ಲಿರುತ್ತದೆ.

ಒಂದು ದಿನ ತಪ್ಪಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಭ್ಯಾಸ ಕೂರಲು 21 ದಿನ ಸಾಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಅದಕ್ಕೆ ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಕಾಣಲಿಲ್ಲ.

ಇಷ್ಟು ಮಾಡಿದ ಮೇಲೂ ನಿದ್ದೆ, ಆರೋಗ್ಯ ಕೆಡುತ್ತಿದ್ದರೆ ಒಂದು ಸೆಮಿಸ್ಟರ್ ಬಿಡುವು ಸಿಗುತ್ತದಾ ಅಂತ ಕೋರ್ಸಿನವರನ್ನು ಕೇಳಿ. ಬಿಡುವು ತಗೊಂಡರೆ ಓದು ಬಿಟ್ಟ ಹಾಗಲ್ಲ.

ಇವತ್ತು ರಾತ್ರಿ ಮಾತ್ರ ಡೈರಿ, ಪುಸ್ತಕ ಎರಡೂ ಹಾಗೇ ಇರಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿಟ್ಟು ಮಗಳ ಪಕ್ಕ ಹೋಗಿ ಕೂತುಕೊಳ್ಳಿ. ‘ಪುಟ್ಟಿ, ಅವತ್ತು ನೀನು ಏನು ಹೇಳ್ತಿದ್ದೆ? ನಾನು ಕೇಳಿಸ್ಕೊಂಡಿರಲಿಲ್ಲ’ ಅನ್ನಿ.