ರೇಡಿಯೊದ ಆ ‘ಚರ್’ ಸದ್ದಿನಿಂದಲೇ ಶುರುಮಾಡಿರಿ

ಆತ್ಮೀಯರೇ,

ಭೂಮಿಯ ಕಾಂತಗೋಳದ (ಭೂಮಿಯ ಕಾಂತಬಲ ಆಳುವ ಬಾಹ್ಯಾಕಾಶದ) ಪ್ಲಾಸ್ಮಾ ಅಲೆಗಳ, ಅಂದರೆ ವಿದ್ಯುದಾವೇಶದ ಕಣಗಳ ಅನಿಲದಲ್ಲಿ ಸಾಗುವ ಅಲೆಗಳ, ಕುರಿತು ನೀವು ಕಳಿಸಿದ ಹನ್ನೆರಡು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚಿಗೆ ಕೊಡಲಾರೆ, ಕೈಬಿಡಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ಒಂಬತ್ತನೆಯ ಪುಟ. ಅಡ್ಡಮಳೆಯ ಸಂಜೆ ಹುಬ್ಬಳ್ಳಿಯ ಮನೆಯಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಿದ್ದಾಗ, ನೃಪತುಂಗ ಬೆಟ್ಟದಾಚೆ ಮಿಂಚು ಹೊಳೆದ ಗಳಿಗೆಯಲ್ಲೇ ರೇಡಿಯೊ ‘ಚರ್’ ಎಂದದ್ದನ್ನೂ, ಅಜ್ಜಿ ಎದ್ದು ಕಿಟಕಿ ಮುಚ್ಚಿದ ಮೇಲೆ ಗುಡುಗು ಕೇಳಿದ್ದನ್ನೂ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಬೇಕು.

ಏಕೆಂದರೆ ಮೊದಲ ಪುಟದಲ್ಲಿ ನೀವು ಮಾಡಿರುವ ತಪ್ಪನ್ನು ಆ ದೃಶ್ಯವೇ ತಿದ್ದುತ್ತದೆ. “ಭೂಮಿಯ ಸುತ್ತಲಿನ ಸದ್ದು ಬಾಹ್ಯಾಕಾಶದಲ್ಲಿ ತೇಲಿ ಬರುತ್ತದೆ” ಎಂದು ಬರೆದಿದ್ದೀರಿ. ಸದ್ದಿಗೆ ಗಾಳಿ ಬೇಕು, ಬಾಹ್ಯಾಕಾಶದಲ್ಲಿ ಅದಿಲ್ಲ. ಆ ಸಂಜೆ ಗಾಳಿಯಲ್ಲಿ ನಡೆದು ಬಂದ ಗುಡುಗು ತಡವಾಯಿತು. ರೇಡಿಯೊಕ್ಕೆ ತಗುಲಿದ್ದು ವಿದ್ಯುತ್ಕಾಂತೀಯ ಅಲೆ, ಅದು ಬೆಳಕಿನೊಂದಿಗೇ ಬಂತು. ಮಿಂಚಿನಿಂದ ಹುಟ್ಟಿ ಕಾಂತಗೋಳವನ್ನು ಹಾದು ಬರುವ, ನೀವು ವರ್ಣಿಸಿದ ‘ಸಿಳ್ಳೆ’ ಅಲೆಗಳೂ ಅದೇ ಜಾತಿಯವು. ಅವುಗಳ ಕಂಪನಾಂಕ ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ, ಸೆಕೆಂಡಿಗೆ ಕೆಲವು ಸಾವಿರ ಸಲ, ಇರುವುದರಿಂದ ಆಂಟೆನಾಕ್ಕೆ ಆಂಪ್ಲಿಫೈಯರ್ ಜೋಡಿಸಿದರೆ ಸದ್ದಾಗಿ ಕೇಳುತ್ತವೆ, ಅಷ್ಟೇ.

ಸಿಳ್ಳೆಯ ಸ್ವರ ಏಕೆ ಇಳಿಯುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಬೇಸರ ತಂದಿತು. ಓದುಗ ಕಾಯುವುದೇ ಅದಕ್ಕೆ. ಮಿಂಚಿನಲ್ಲಿ ಎಲ್ಲ ಕಂಪನಾಂಕಗಳೂ ಒಟ್ಟಿಗೇ ಹೊರಡುತ್ತವೆ. ಅವುಗಳಲ್ಲಿ ಒಂದು ಪಾಲು ಅಯಾನುಗೋಳವನ್ನು (ವಾತಾವರಣದ ಮೇಲುಭಾಗದ ವಿದ್ಯುದಾವೇಶದ ಪದರವನ್ನು) ದಾಟಿ, ಕಾಂತೀಯ ಬಲರೇಖೆಯ ಗುಂಟ ಸಾವಿರಾರು ಕಿಲೋಮೀಟರ್ ಮೇಲೇರಿ, ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ದಾರಿಯ ಪ್ಲಾಸ್ಮಾದಲ್ಲಿ ಎತ್ತರದ ಸ್ವರ ಬೇಗ ಸಾಗುತ್ತದೆ, ತಗ್ಗಿನ ಸ್ವರ ಹಿಂದೆ ಬೀಳುತ್ತದೆ, ಹೀಗಾಗಿ ಕ್ಷಣಮಾತ್ರದ ಸಿಡಿತ ಒಂದೆರಡು ಸೆಕೆಂಡುಗಳ ಇಳಿಜಾರು ಸಿಳ್ಳೆಯಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳಲು ಕೂತ ಜರ್ಮನ್ ಭೌತವಿಜ್ಞಾನಿ ಬಾರ್ಕ್‌ಹೌಸೆನ್ ಈ ಸಿಳ್ಳೆಗಳನ್ನು ಕೇಳಿದ್ದರು. 1953ರಲ್ಲಿ ಬ್ರಿಟಿಷ್ ವಿಜ್ಞಾನಿ ಸ್ಟೋರಿ ಈ ದಾರಿಯನ್ನು ವಿವರಿಸಿ, ಅಷ್ಟು ಎತ್ತರದಲ್ಲಿಯೂ ಎಲೆಕ್ಟ್ರಾನುಗಳು ದಟ್ಟವಾಗಿವೆ ಎಂದು ತೋರಿಸಿದರು. ಉಪಗ್ರಹಗಳಿಲ್ಲದ ಕಾಲದಲ್ಲಿ ನೆಲದ ಮೇಲೆ ಕೂತು ಅಳೆದ ಆ ಮಾತಿಗೆ ನೀವು ಅರ್ಧ ಪುಟವನ್ನಾದರೂ ಕೊಡಬೇಕು.

“ಧಾರವಾಡದ ಮಾಳಿಗೆಯ ಮೇಲೂ ಬೆಳಗಿನ ಜಾವ ಈ ಸಿಳ್ಳೆ ಕೇಳಬಹುದು” ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಕಾಂತೀಯ ಸಮಭಾಜಕಕ್ಕೆ ನಾವು ತೀರ ಹತ್ತಿರದವರು. ನಮ್ಮೂರಿನ ಬಲರೇಖೆ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಚಾಚಿ, ಕಾಂತಗೋಳವನ್ನು ಮುಟ್ಟುವ ಮೊದಲೇ ಬಾಗಿ ಇಳಿಯುತ್ತದೆ. ನಮಗೆ ದಕ್ಕುವುದು ರಾತ್ರಿಯ ‘ಟ್ವೀಕ್’: ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿಯುತ್ತ ದೂರದಿಂದ ಬಂದ ಮಿಂಚಿನ ಅಲೆ, ಸುಮಾರು 1.7 ಕಿಲೋಹರ್ಟ್ಸ್ ಬಳಿ ಗಕ್ಕನೆ ನಿಲ್ಲುವ ಸಣ್ಣ ಚಿಲಿಪಿಲಿ. ಊರೊಳಗಿನ ಕರೆಂಟಿನ ತಂತಿಗಳ ಗುಂಯ್ ಅದನ್ನು ನುಂಗುತ್ತದೆ, ಆದ್ದರಿಂದ ಹೊಲದ ಕಡೆ ಹೋಗಬೇಕೆಂದೂ ಬರೆಯಿರಿ.

ಇನ್ನೊಂದು ದೊಡ್ಡ ತಪ್ಪು ‘ಕೋರಸ್’ ಅಲೆಗಳದು. ಅವನ್ನೂ ಮಿಂಚಿನ ಮಕ್ಕಳೆಂದಿದ್ದೀರಿ. ಹಕ್ಕಿಗಳ ಉಲಿಯಂತೆ ಮೇಲೇರುವ ಆ ಸ್ವರಗಳು ಮೇಲೆಯೇ ಹುಟ್ಟುತ್ತವೆ. ಕಾಂತಗೋಳದ ಬಾಲದ (ಸೂರ್ಯನಿಗೆ ಬೆನ್ನಾಗಿ ಚಾಚಿದ ಭಾಗದ) ಕಡೆಯಿಂದ ನುಗ್ಗಿದ ಎಲೆಕ್ಟ್ರಾನುಗಳು ಪೂರ್ವಕ್ಕೆ ಸರಿಯುತ್ತ ಭೂಮಿಯ ಮುಂಜಾವದ ಮಗ್ಗುಲಿಗೆ ಬಂದಾಗ ಅವುಗಳ ಶಕ್ತಿಯಿಂದ ಬೆಳೆಯುತ್ತವೆ. 2012ರಲ್ಲಿ ಹಾರಿದ ವ್ಯಾನ್ ಆಲೆನ್ ಪ್ರೋಬ್ಸ್ ಜೋಡಿ ನೌಕೆಗಳು ಇವನ್ನು ಹುಟ್ಟುವ ತಾಣದಲ್ಲೇ ದಾಖಲಿಸಿದವು. ಇವೇ ಅಲೆಗಳು ಕೆಲವು ಎಲೆಕ್ಟ್ರಾನುಗಳನ್ನು ಉಪಗ್ರಹಗಳಿಗೆ ಹಾನಿಯಾಗುವಷ್ಟು ವೇಗಕ್ಕೆ ತಳ್ಳುತ್ತವೆ. ಇದನ್ನು ನೀವು ಎಲ್ಲಿಯೂ ಹೇಳಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. “ಅಲೆಗಳು ಎಲೆಕ್ಟ್ರಾನುಗಳಿಂದ ಹೀರಲ್ಪಡುತ್ತವೆ” ಎಂದೇಕೆ? “ಎಲೆಕ್ಟ್ರಾನುಗಳು ಅಲೆಗಳನ್ನು ಹೀರುತ್ತವೆ” ಎಂದರೆ ಸಾಕು. ಒಂಬತ್ತನೆಯ ಪುಟದಲ್ಲಿ ನೀವು ಹಾಗೆಯೇ ಬರೆದಿದ್ದೀರಿ.

ಆರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿರಿ. ಕಿಟಕಿ ಮುಚ್ಚಿದ ಅಜ್ಜಿಯನ್ನು ಮಾತ್ರ ತೆಗೆಯಬೇಡಿರಿ.