ಕಲಬುರಗಿಯಲ್ಲಿ ಹಳೆ ತೊಗರಿ ಗೋದಾಮನ್ನು ರೀಡಿಂಗ್ ರೂಮ್ ಮಾಡುತ್ತಿದ್ದೇವೆ. ಬಿಸಿಲಿನ ಕಾವು ತಡೆಯಲು ಪತ್ರಾ (ತಗಡಿನ ಚಾವಣಿ) ಕೆಳಗೆ, ಕಲ್ಲಿನ ಗೋಡೆಗೆ ಸ್ಪ್ರೇ ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆಸಬಹುದಾ?

ಪತ್ರಾಕ್ಕೆ ಹೊಡೆಸಿ, ಗೋಡೆಗೆ ಬೇಡ. ಆದರೆ ಫೋಮ್‌ನವರನ್ನು ಕರೆಸುವ ಮೊದಲು ಪತ್ರಾ ತೊಳೆಸಿ.

ನಾನೂ ಕಲಬುರಗಿಯವನೇ. ಮೂರು ವರ್ಷದ ಹಿಂದೆ ನಮ್ಮ ತೊಗರಿ ಗೋದಾಮನ್ನು ಟ್ಯೂಷನ್ ಕ್ಲಾಸ್ ಮಾಡಿದೆವು. ನಮ್ಮೂರ ಮೇ ತಿಂಗಳು ನಿಮಗೆ ಗೊತ್ತೇ ಇದೆ. ತೊಗರಿ ಚೀಲ ಸುಮ್ನೆ ಇರುತ್ತೆ, ಹುಡುಗರು ಇರಲ್ಲ ಅಲ್ವಾ? ಅದಕ್ಕೇ ಫೋಮ್ ಹೊಡೆಸಿದೆವು. ಹದಿನೈದೇ ದಿನಕ್ಕೆ ಒಂದು ಮೂಲೆಯಲ್ಲಿ ಅದು ಹಂಚಿನ ಮೇಲಿನ ರೊಟ್ಟಿ ಹಾಗೆ ಉಬ್ಬಿ ಎದ್ದಿತು. ಕಿತ್ತು ನೋಡಿದರೆ ಹಿಂದೆಲ್ಲ ತೊಗರಿ ಹೊಟ್ಟಿನ ಪುಡಿ ಮೆತ್ತಿಕೊಂಡಿತ್ತು. ಫೋಮ್ ಹಿಡಿದದ್ದು ಧೂಳನ್ನು, ಪತ್ರಾವನ್ನಲ್ಲ. ಹೊಡೆದವನು ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಹಾಗಾಗಿ ತುಕ್ಕು ಉಜ್ಜಿಸಿ, ತೊಳೆಸಿ, ಪೂರ್ತಿ ಒಣಗಲು ಬಿಡಿ. ಸೋರುವ ಜಾಗ ಈಗಲೇ ಮುಚ್ಚಿಸಿ. ಆಮೇಲೆ ನೀರು ಎಲ್ಲಿಂದ ಇಳಿಯುತ್ತೆ ಅಂತ ಗೊತ್ತೇ ಆಗಲ್ಲ.

ಕ್ಲೋಸ್ಡ್ ಸೆಲ್ ಫೋಮ್ ಕೇಳಿ, ಅಂದರೆ ಒಳಗಿನ ಸಣ್ಣ ಗುಳ್ಳೆಗಳು ಮುಚ್ಚಿರುವಂಥದ್ದು. ಓಪನ್ ಸೆಲ್ ಅಗ್ಗ, ಆದರೆ ತೇವ ಒಳಗೆ ಬಿಡುತ್ತೆ. ನಾವು 50 ಮಿ.ಮೀ. ಹೊಡೆಸಿದ್ದು, ಎರಡು ಪದರದಲ್ಲಿ. ಎರಡು ರಾಸಾಯನಿಕ ಸೇರಿ ಉಬ್ಬುವಾಗ ಬಿಸಿ ಹುಟ್ಟುತ್ತೆ. ಒಂದೇ ಸಲ ಜಾಸ್ತಿ ದಪ್ಪ ಹೊಡೆದರೆ ಆ ಬಿಸಿ ಒಳಗೇ ಉಳಿದು ಫೋಮ್ ಬಿರಿಯುತ್ತೆ, ಕೆಲವೊಮ್ಮೆ ಒಳಗೇ ಕರಕಲಾಗುತ್ತೆ. ಹೊಡೆಯುವ ದಿನ ಕೆಲಸದವರನ್ನು ಬಿಟ್ಟು ಯಾರೂ ಒಳಗಿರಬಾರದು. ಅವರಿಗೂ ಬಟ್ಟೆ ಮಾಸ್ಕ್ ಸಾಲದು. ಆ ಎರಡು ರಾಸಾಯನಿಕಗಳಲ್ಲಿ ಒಂದಾದ ಐಸೋಸೈನೇಟ್‌ನ ಆವಿ ಅಸ್ತಮಾ ತರಿಸುವಂಥದ್ದು.

ಇನ್ನು ಬೆಂಕಿ. 'ಫೈರ್ ರಿಟಾರ್ಡೆಂಟ್ ಅದ ರೀ ಸರ್, ಏನೂ ಆಗಂಗಿಲ್ಲ' ಅಂತಾರೆ ಫೋಮ್‌ನವರು. ಅದರಿಂದ ಬೇಗ ಹತ್ತಿಕೊಳ್ಳಲ್ಲ, ಅಷ್ಟೇ. ಹತ್ತಿಕೊಂಡರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಜನ್ ಸೈನೈಡ್ ಕೂಡ ಬರುತ್ತೆ. ನಿಮ್ಮಲ್ಲಿ ಇನ್ನು ಕೂರುವುದು ಹುಡುಗರು, ಚೀಲಗಳಲ್ಲ. ಬೆಂಕಿ ಬೇಗ ತಾಕದಂತೆ ಫೋಮ್ ಕೆಳಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಹಾಕಿಸಲೇಬೇಕು. ದುಡ್ಡು ಉಳಿಯಲಿ ಅಂತ ನಾವು ಮೊದಲು ಬಿಟ್ಟಿದ್ದೆವು. ಇಲಿಗಳು ಫೋಮ್ ಕೊರೆದು ಸಂಸಾರ ಹೂಡಿದ ಮೇಲೆ ಬುದ್ಧಿ ಬಂತು. ವೈರಿಂಗ್ ಹಳೆಯದಾದರೆ ಅದನ್ನೂ ಮೊದಲೇ ಬದಲಿಸಿ.

ಗೋಡೆಗೆ ಯಾಕೆ ಬೇಡ ಅಂದರೆ, ಹಳೆ ಕಲ್ಲು-ಗಾರೆ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಆಮೇಲೆ ಒಣಗುತ್ತೆ. ಫೋಮ್ ಮೆತ್ತಿದರೆ ಒಣಗುವ ದಾರಿ ಅರ್ಧ ಬಂದ್. ದಪ್ಪ ಕಲ್ಲಿನ ಗೋಡೆ ಹೇಗೂ ತಂಪೇ. ಕಾಟ ಕೊಡುವುದು ಪತ್ರಾ.

ಇಷ್ಟೆಲ್ಲ ಮಾಡಿಯೂ ಮಧ್ಯಾಹ್ನ ಕೂಲರ್ ಬೇಕೇ ಬೇಕು. ಆದರೆ ಮಳೆ ಬಂದಾಗ ಮಾಸ್ತರರ ಮಾತು ಹಿಂದಿನ ಬೆಂಚಿಗೂ ಕೇಳಿಸುತ್ತೆ. ಅದು ನಾವು ಎಣಿಸಿರಲಿಲ್ಲ.